ಆರಿಸುವ ಕೈ

ಹೋದ ಹಿಂಗಾರಿಯಲ್ಲಿ, ಜೋಳ ತೆನೆ ಬಿಚ್ಚುವ ಹೊತ್ತಿಗೆ, ನನ್ನ ಗೈಡ್ ಫೋನ್ ಮಾಡಿದರು. ನಾನು ಪ್ಲಾಟಿನ ನಡುವೆ ನಿಂತು ಬೆರಕೆ ಗಿಡಗಳಿಗೆ ಕೆಂಪು ದಾರ ಕಟ್ಟುತ್ತಿದ್ದೆ. ದಾರ ಕಟ್ಟಿದ ಗಿಡವನ್ನು ಮರುದಿನ ಬೇರುಸಮೇತ ಕೀಳಬೇಕು. ಹೂವಿನ ಪರಾಗ ಪಕ್ಕದ ಸಾಲಿಗೆ ಹಾರುವ ಮೊದಲೇ ಈ ಕೆಲಸ ಮುಗಿಯಬೇಕು. ಅವಸರದ ಕೆಲಸ.

'ಆರ್ಡರ್ ಬಂತು. ಮುಂದಿನ ವಾರ ಚಾರ್ಜ್ ತಗೋತೀನಿ. ಇನ್ನ ಹೊಲಕ್ಕ ಬರೋದು ಸ್ವಲ್ಪ ಕಡಿಮಿ ಆಗ್ತದ' ಎಂದರು.

ಆಡಳಿತದ ಒಂದು ದೊಡ್ಡ ಹುದ್ದೆ ಅದು. ಯಾವುದು, ಎಲ್ಲಿ ಎಂಬುದು ಇಲ್ಲಿ ಬೇಡ. ನಾನು 'ಕಂಗ್ರಾಜುಲೇಷನ್ಸ್ ಸರ್' ಎಂದೆ. ಫೋನ್ ಇಟ್ಟ ಮೇಲೆ ಕೈಯಲ್ಲಿದ್ದ ದಾರದ ಉಂಡೆಯನ್ನು ಬದುವಿನ ಕಡೆ ಎಸೆದೆ. ಇಪ್ಪತ್ತೆಂಟರ ವಯಸ್ಸಿನಲ್ಲಿ, ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿ, ಮೂರನೇ ಹಂಗಾಮಿನ ಡೇಟಾ ಹೊಲದಲ್ಲಿ ನಿಂತಿರುವಾಗ, ಗೈಡ್ ಹೊಲ ಬಿಟ್ಟು ಕುರ್ಚಿಗೆ ಹೋದರೆ ಏನಾಗುತ್ತದೆಂದು ಸಂಶೋಧನಾ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಸಹಿಗೆ ಮೂರು ವಾರ. ಒಂದು ಅಧ್ಯಾಯ ಓದಿಸಲು ಮೂರು ತಿಂಗಳು.

ಸಿಟ್ಟು ನನ್ನದೇ ಸ್ವಾರ್ಥದ್ದು ಎಂದು ಗೊತ್ತಿತ್ತು. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆಯಿತ್ತು, ಅದು ಪೂರಾ ಸ್ವಾರ್ಥದ್ದಲ್ಲ. ಮೂವತ್ತು ವರ್ಷ ಗಿಡ ನೋಡಿದ ಕಣ್ಣು ಫೈಲು ನೋಡಲು ಹೋದರೆ ನಷ್ಟ ಯಾರಿಗೆ? ಮತ್ತು ಗಿಡಗಳ ನಡುವೆ ಕಲಿತದ್ದನ್ನು ಮನುಷ್ಯರ ನಡುವೆ ಬಳಸಬಹುದೇ, ಬಳಸಬಾರದೇ?

ನಮ್ಮದು ಯಲಬುರ್ಗಾ ತಾಲೂಕಿನ ಎರೆ ಸೀಮೆ. ಮಳೆ ನಂಬಿದ ಹೊಲ. ಅಮ್ಮ, ಅಂದರೆ ಅಪ್ಪನ ತಾಯಿ, ಬೀಜದ ಜೋಳ ಆರಿಸುವುದನ್ನು ನಾನು ಸಣ್ಣಾಕೆಯಿದ್ದಾಗಿನಿಂದ ನೋಡಿದ್ದೇನೆ. ಕೊಯ್ಲಿಗೆ ಎರಡು ದಿನ ಮುಂಚೆ ಒಬ್ಬಳೇ ಹೊಲದೊಳಗೆ ನಡೆದು ಬರುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ತೆನೆ ಆರಿಸುತ್ತಾಳೆಂದು ನಾನು ತಿಳಿದಿದ್ದೆ, ಆದರೆ ಆಕೆ ಬದುವಿನ ಪಕ್ಕದ ದೊಡ್ಡ ತೆನೆಗಳನ್ನು ಮುಟ್ಟುತ್ತಲೇ ಇರಲಿಲ್ಲ. ಕೇಳಿದ್ದಕ್ಕೆ, 'ಅದು ಗೊಬ್ಬರದ ತಿಪ್ಪಿ ಬಾಜೂಕ ಬೆಳದದ್ದು ತಂಗಿ, ಅದರ ದೊಡ್ಡಸ್ತಿಕಿ ಅದರದಲ್ಲ' ಎಂದಿದ್ದಳು. ಬರಡು ಮಡಿಯ ನಡುವೆ, ಅಕ್ಕಪಕ್ಕದವು ಸೊರಗಿದ್ದರೂ ತಾನು ನೆಟ್ಟಗೆ ನಿಂತು ಕಾಳು ತುಂಬಿಕೊಂಡ ಮಧ್ಯಮ ಗಾತ್ರದ ತೆನೆ ಆಕೆಗೆ ಬೇಕಾದದ್ದು. ಅದನ್ನು ಜಂತಿಗೆ ಕಟ್ಟಿ ಒಲೆಯ ಹೊಗೆಯಲ್ಲಿ ಒಣಗಿಸುತ್ತಿದ್ದಳು.

ಎಂ.ಎಸ್‌ಸಿಯಲ್ಲಿ ತಳಿವಿಜ್ಞಾನದ ಮೊದಲ ಪಾಠಗಳಲ್ಲೇ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಒಂದು ಸಮೀಕರಣ ಬರೆದರು. ಕಣ್ಣಿಗೆ ಕಾಣುವ ರೂಪ ಎಂದರೆ ವಂಶವಾಹಿಯ ಕೊಡುಗೆ, ಅದಕ್ಕೆ ಪರಿಸರದ ಕೊಡುಗೆಯ ಕೂಡಿಕೆ, ಜೊತೆಗೆ ಇವೆರಡರ ನಡುವಿನ ಕೊಡುಕೊಳ್ಳುವಿಕೆ. ತಿಪ್ಪೆ ಬಾಜೂಕಿನ ತೆನೆ ನೆನಪಾಯಿತು. ಹಿಂಗಾರಿ ಜೋಳದಲ್ಲಿ ಇವತ್ತಿಗೂ ನಮ್ಮ ರೈತರು ಬಿಡದ ಎಂ 35-1 ಹುಟ್ಟಿದ್ದೂ ಹೀಗೆಯೇ. 1930ರ ದಶಕದಲ್ಲಿ, ಮಹಾರಾಷ್ಟ್ರದ ಮೋಹೋಳದಲ್ಲಿ, ಜನ ಬೆಳೆಯುತ್ತಿದ್ದ ಮಾಲದಂಡಿ ಜೋಳದೊಳಗಿಂದ ಅದನ್ನು ಆರಿಸಿ ತೆಗೆದರು. ಅದು ಹೊಸದಾಗಿ ಸೃಷ್ಟಿ ಮಾಡಿದ್ದಲ್ಲ, ಇದ್ದದ್ದರಲ್ಲಿ ಆರಿಸಿದ್ದು.

ಹೀಗೆ ಆರಿಸುವುದನ್ನೇ ಕಸುಬು ಮಾಡಿಕೊಂಡು, ಆಮೇಲೆ ವಿಶ್ವವಿದ್ಯಾಲಯದ ಕುರ್ಚಿಗೆ ಹೋದ ಒಬ್ಬರು ನಮ್ಮ ನಾಡಿನಲ್ಲಿದ್ದರು. ಡಾ. ಎಂ. ಮಹದೇವಪ್ಪ. 1937ರಲ್ಲಿ ಚಾಮರಾಜನಗರ ಸೀಮೆಯ ಮಾದಾಪುರದಲ್ಲಿ ಹುಟ್ಟಿದವರು. ಜನ ಅವರನ್ನು 'ರೈಸ್ ಮಹದೇವಪ್ಪ' ಎಂದೇ ಕರೆದರು. ಭತ್ತದ ತಳಿ ಅಭಿವೃದ್ಧಿ ಅವರ ಕೆಲಸ. ಫಿಲಿಪ್ಪೀನ್ಸ್‌ನ ಲಾಸ್ ಬಾನೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ ಬಂದವರು. 1994ರಿಂದ 2000ದವರೆಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾದರು, ನಂತರ ದೆಹಲಿಯಲ್ಲಿ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಅಧ್ಯಕ್ಷರಾದರು. 2005ರಲ್ಲಿ ಪದ್ಮಶ್ರೀ, 2013ರಲ್ಲಿ ಪದ್ಮಭೂಷಣ. 2021ರ ಮಾರ್ಚ್‌ನಲ್ಲಿ ತೀರಿಕೊಂಡರು.

ಅವರು ಕುಲಪತಿಯಾದಾಗ ನಾನಿನ್ನೂ ಹುಟ್ಟಿರಲಿಲ್ಲ. ಕೊಪ್ಪಳ ಜಿಲ್ಲೆಯೂ ಹುಟ್ಟಿರಲಿಲ್ಲ. 1997ರ ಆಗಸ್ಟಿನಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಜಿಲ್ಲೆಯಾಯಿತು. ಆಗಿನ್ನೂ ರಾಯಚೂರಿಗೆ ಬೇರೆ ಕೃಷಿ ವಿಶ್ವವಿದ್ಯಾಲಯ ಬಂದಿರಲಿಲ್ಲ. ಬೀದರಿನಿಂದ ಕಾರವಾರದ ತನಕ ಎಲ್ಲವೂ ಧಾರವಾಡದ ಅಡಿಯಲ್ಲೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವೂ.

ಗಂಗಾವತಿಯ ಮಾತು ಇಲ್ಲಿ ಬರಲೇಬೇಕು. ನಮ್ಮ ಸೋದರಮಾವನ ಊರು ಕಾರಟಗಿ ದಾರಿಯ ಒಂದು ಕ್ಯಾಂಪಿನ ಪಕ್ಕದ ಹಳ್ಳಿ. ರಜೆಗೆ ಹೋದರೆ ಕಣ್ಣು ಹಾಯುವವರೆಗೆ ಭತ್ತ. ಯಲಬುರ್ಗಾದ ಕಣ್ಣಿಗೆ ಅಷ್ಟು ನೀರು ಕಂಡರೆ ಭಯವೇ ಆಗುತ್ತದೆ. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ಎಡದಂಡೆ ಕಾಲುವೆಯಲ್ಲಿ ಇಷ್ಟು ಭತ್ತ ಬೆಳೆಯುವ ಯೋಜನೆ ಇರಲಿಲ್ಲ. ಬರಗಾಲದ ಸೀಮೆಗೆ ಸ್ವಲ್ಪ ಸ್ವಲ್ಪ ನೀರು ಹಂಚಿ, ಜೋಳ, ಹತ್ತಿ, ಶೇಂಗಾದಂಥ ಹಗುರ ನೀರಿನ ಬೆಳೆ ಉಳಿಸಿಕೊಳ್ಳಲಿ ಎಂಬುದು ಲೆಕ್ಕ. ಆಂಧ್ರದಿಂದ ಬಂದವರು ಕ್ಯಾಂಪು ಕಟ್ಟಿ ಭತ್ತ ಹಚ್ಚಿದರು, ನಮ್ಮವರೂ ಕಲಿತರು. ಮೇಲಿನವರು ಎರಡು ಬೆಳೆ ತೆಗೆದರು, ಕಾಲುವೆಯ ಕೊನೆಯಲ್ಲಿದ್ದ ರಾಯಚೂರಿನವರ ನೀರು ಸೊರಗಿತು. ಮತ್ತು ಎರೆ ನೆಲದಲ್ಲಿ ನೀರು ನಿಂತು ನಿಂತು ಉಪ್ಪು ಮೇಲೆ ಬಂತು. ಮಾವನ ಹೊಲದ ತಗ್ಗಿನ ಎರಡು ಮಡಿ ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಸವಳು.

ಮಹದೇವಪ್ಪನವರ ಹೆಸರನ್ನು ನಾನು ಮೊದಲು ಕಂಡದ್ದು ಈ ಸವಳಿನ ದಾರಿಯಲ್ಲೇ. ನನ್ನ ಪ್ರಬಂಧಕ್ಕಾಗಿ ಹಳೆಯ ಲೇಖನಗಳನ್ನು ಹುಡುಕುವಾಗ, 1981ರಲ್ಲಿ ಅವರು ಇಕೆಹಾಶಿ ಎಂಬ ಜಪಾನೀ ವಿಜ್ಞಾನಿಯ ಜೊತೆಗೂಡಿ 'ಯೂಫೈಟಿಕಾ' ಪತ್ರಿಕೆಯಲ್ಲಿ ಬರೆದದ್ದು ಸಿಕ್ಕಿತು. ಕ್ಷಾರದ ನೆಲವನ್ನೂ ಸತುವಿನ ಕೊರತೆಯನ್ನೂ ಯಾವ ಭತ್ತ ತಾಳಿಕೊಳ್ಳುತ್ತದೆ ಎಂದು ಸೋಸಿ ನೋಡಿದ ಕೆಲಸ ಅದು. ಓದುವಾಗ ಮಾವನ ಬಿಳಿ ಮಡಿ ಕಣ್ಣ ಮುಂದೆ ಬಂತು. ಒಳ್ಳೆಯ ಮಣ್ಣಿನಲ್ಲಿ ಎಲ್ಲರೂ ಜಾಣರೇ. ಕೆಟ್ಟ ಮಣ್ಣಿನಲ್ಲಿ ಯಾರು ನಿಲ್ಲುತ್ತಾರೆಂದು ಹುಡುಕುವುದು ಬೇರೆ ಥರದ ಹುಡುಕಾಟ. ಅಮ್ಮನ ಜಾತಿಯ ಹುಡುಕಾಟ ಎಂದು ನನಗೆ ಸಲುಗೆಯಿಂದ ಅನಿಸಿತು.

ಆಮೇಲೆ ಹೈಬ್ರಿಡ್ ಭತ್ತ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ಪ್ರಶ್ನೆಯ ಅರ್ಧ ಇಲ್ಲಿದೆ. ಭತ್ತದ ಹೂವು ತನ್ನೊಳಗೆ ತಾನೇ ಪರಾಗ ಮಾಡಿಕೊಳ್ಳುವಂಥದ್ದು. ಅಕ್ಕಿಕಾಳಿನಷ್ಟು ಹೂವು, ಒಳಗೆ ಆರು ಕೇಸರ. ಕುಷ್ಟಗಿ ಕಡೆ ಬಿಳಿ ಬಲೆಯ ಮನೆಗಳಲ್ಲಿ ಹೆಣ್ಣುಮಕ್ಕಳು ಚಿಮುಟ ಹಿಡಿದು ಟೊಮೆಟೊ, ಮೆಣಸಿನ ಹೂವಿನ ಕೇಸರ ಕಿತ್ತು 'ಕ್ರಾಸಿಂಗ್' ಮಾಡುವುದನ್ನು ನೀವು ನೋಡಿರಬಹುದು. ನನ್ನ ಜೊತೆ ಹತ್ತನೇ ಇಯತ್ತೆ ಓದಿದ ಇಬ್ಬರು ಈಗಲೂ ಆ ಕೂಲಿಗೆ ಹೋಗುತ್ತಾರೆ. ನಾನು ಪ್ರಯೋಗಾಲಯದಲ್ಲಿ ಮಾಡುವ ಕೆಲಸವನ್ನೇ ಅವರು ನನಗಿಂತ ಚುರುಕಾಗಿ ಮಾಡುತ್ತಾರೆ, ನನಗೆ ಫೆಲೋಶಿಪ್ ಬರುತ್ತದೆ, ಅವರಿಗೆ ದಿನಗೂಲಿ. ಒಂದು ಟೊಮೆಟೊದಲ್ಲಿ ನೂರಾರು ಬೀಜವಿರುವುದರಿಂದ ಕೈಯಿಂದ ಮಾಡಿದರೂ ಗಿಟ್ಟುತ್ತದೆ. ಭತ್ತದಲ್ಲಿ ಒಂದು ಹೂವಿಗೆ ಒಂದೇ ಕಾಳು, ಕೈಕೆಲಸ ನಡೆಯದು. ಅದಕ್ಕೆ ಗಂಡು ಭಾಗವೇ ಬಂಜೆಯಾದ ಒಂದು ತಾಯಿ ತಳಿ ಬೇಕು, ಅದನ್ನು 'ಎ' ಎನ್ನುತ್ತಾರೆ. ಅದರೊಂದಿಗೆ ಕೂಡಿ ಹೈಬ್ರಿಡ್ ಬೀಜ ಕೊಡುವ ತಂದೆ ತಳಿ 'ಆರ್'. ಇವೆರಡರ ಹೆಸರು ಎಲ್ಲ ಪುಸ್ತಕದಲ್ಲೂ ಇರುತ್ತದೆ. ಆದರೆ ಬಂಜೆಯಾದ 'ಎ' ತನ್ನಷ್ಟಕ್ಕೆ ತಾನು ವರ್ಷದಿಂದ ವರ್ಷಕ್ಕೆ ಉಳಿಯುವುದು ಹೇಗೆ? ಅದಕ್ಕೊಂದು ಮೂರನೆಯದು ಬೇಕು, 'ಬಿ'. ಎಲ್ಲದರಲ್ಲೂ 'ಎ'ಯಂತೆಯೇ, ಆದರೆ ಪರಾಗ ಉಳ್ಳದ್ದು. ಅದರ ಕೆಲಸ ಒಂದೇ, ಪ್ರತಿ ವರ್ಷ 'ಎ'ಯ ಪಕ್ಕದ ಸಾಲಿನಲ್ಲಿ ನಿಂತು 'ಎ'ಯನ್ನು 'ಎ'ಯಾಗಿಯೇ ಉಳಿಸುವುದು. ರೈತನ ಹೊಲಕ್ಕೆ ಹೋಗುವ ಚೀಲದಲ್ಲಿ 'ಬಿ'ಯ ಒಂದು ಕಾಳೂ ಇರುವುದಿಲ್ಲ.

ಮಂಡ್ಯದ ವಿ.ಸಿ. ಫಾರಂನಲ್ಲಿ ಮಹದೇವಪ್ಪನವರು ತೊಡಗಿಸಿಕೊಂಡಿದ್ದ ಹೈಬ್ರಿಡ್ ಭತ್ತದ ಕೆಲಸದಿಂದ ಕೆಆರ್‌ಎಚ್-1 ಬಂದದ್ದು 1994ರಲ್ಲಿ, ಹೆಚ್ಚು ಹೆಸರಾದ ಕೆಆರ್‌ಎಚ್-2 ಬಂದದ್ದು 1996ರಲ್ಲಿ. ಇಸವಿಗಳನ್ನು ಮತ್ತೊಮ್ಮೆ ನೋಡಿ. ಎರಡನೆಯದು ರೈತರ ಕೈಗೆ ಬರುವ ಹೊತ್ತಿಗೆ ಅವರು ಧಾರವಾಡದಲ್ಲಿ ಕುಲಪತಿಯ ಕುರ್ಚಿಯಲ್ಲಿದ್ದರು. ತಳಿಯೊಂದು ಹತ್ತು ಹನ್ನೆರಡು ವರ್ಷದ ಸಹವಾಸ ಬೇಡುತ್ತದೆ. ಶುರುಮಾಡಿದವರು ಮುಗಿಸುವವರೆಗೆ ಹೊಲದಲ್ಲೇ ಇರುತ್ತಾರೆಂಬ ಭರವಸೆ ಇಲ್ಲ. ಉಳಿದ ಸಾಲುಗಳನ್ನು ಬೇರೆಯವರು ನಡೆದು ಮುಗಿಸುತ್ತಾರೆ. ಇದನ್ನು ಮೊದಲು ಓದಿದಾಗ ನನಗೆ ಅವರ ಮೇಲೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಗೈಡಿನ ಸಿಟ್ಟನ್ನು ಅಲ್ಲಿಗೂ ಹೊತ್ತೊಯ್ದಿದ್ದೆ.

ಈ ಸಿಟ್ಟಿಗೆ ಪುರಾತನ ಉದಾಹರಣೆಯೂ ಇದೆ. ತಳಿವಿಜ್ಞಾನದ ಮೊದಲಿಗ ಮೆಂಡೆಲನೇ ಆಡಳಿತಕ್ಕೆ ಹೋದವನು. ಬ್ರನೋ ಊರಿನ ಮಠದ ತೋಟದಲ್ಲಿ ಎಂಟು ವರ್ಷ, ಸುಮಾರು 28,000 ಬಟಾಣಿ ಗಿಡ ಬೆಳೆದು, ಎಣಿಸಿ, 1866ರಲ್ಲಿ ಪ್ರಕಟಿಸಿದ. ಯಾರೂ ಗಮನಿಸಲಿಲ್ಲ. 1868ರಲ್ಲಿ ಮಠಾಧಿಪತಿಯಾದ. ಇನ್ನು ಸಂಶೋಧನೆಗೆ ಅನುಕೂಲವಾದೀತು ಎಂದುಕೊಂಡಿದ್ದ. ಆದದ್ದು ತಿರುಗುಮುರುಗು. 1874ರಲ್ಲಿ ಸರ್ಕಾರ ಮಠಗಳ ಮೇಲೆ ತೆರಿಗೆಯ ಕಾಯಿದೆ ತಂದಿತು, ಮೆಂಡೆಲ್ ಅದನ್ನು ಒಪ್ಪಲಿಲ್ಲ. ಕಾಗದ, ಅರ್ಜಿ, ಜಗಳದಲ್ಲಿ ಹತ್ತು ವರ್ಷ ಹೋಯಿತು. 1884ರ ಜನವರಿಯಲ್ಲಿ ತೀರಿಕೊಂಡ. ಲೋಕಕ್ಕೆ ಅವನ ಬಟಾಣಿ ಕಂಡದ್ದು 1900ರಲ್ಲಿ.

ನಮ್ಮ ಹಾಸ್ಟೆಲಿನಲ್ಲಿ ಈ ಕತೆಯನ್ನು ದುರಂತದಂತೆ ಹೇಳುವುದು ರೂಢಿ. ಆದರೆ ಮಠದಲ್ಲಿದ್ದವರನ್ನು ಯಾರಾದರೂ ಕೇಳಿದ್ದರೆ? ಅವರಿಗೆ ತಮ್ಮ ಪರವಾಗಿ ಸರ್ಕಾರದ ಎದುರು ನಿಂತ ಒಬ್ಬ ಹಿರಿಯ ಸಿಕ್ಕಿದ್ದ. ಬಟಾಣಿಯ ದೃಷ್ಟಿಯಿಂದ ಮಾತ್ರ ಅದು ನಷ್ಟ. ಯಾರ ಕಡೆಯಿಂದ ನೋಡಬೇಕು ಎಂಬುದನ್ನು ನಿರ್ಧರಿಸದೆ ನಷ್ಟದ ಲೆಕ್ಕ ಬರೆಯುವುದು ಸರಿಯಲ್ಲ ಎಂಬಷ್ಟು ಮಾತ್ರ ನನಗೆ ಇದರಿಂದ ಹೊಳೆದದ್ದು.

ಹೊಲ ಬಿಟ್ಟರೇ ಎಂಬುದು ಸಣ್ಣ ಪ್ರಶ್ನೆ. ಹೊಲದಿಂದ ಏನನ್ನು ಹೊತ್ತುಕೊಂಡು ಹೋದರು ಎಂಬುದು ದೊಡ್ಡದು. ಯಾಕೆಂದರೆ ತಳಿ ಅಭಿವೃದ್ಧಿಯ ಕೆಲಸ ಮನುಷ್ಯನಿಗೆ ಒಂದು ವಿಚಿತ್ರ ಗಟ್ಟಿತನ ಕಲಿಸುತ್ತದೆ. ಎರಡನೇ ಪೀಳಿಗೆಯಲ್ಲಿ ಎರಡು ಸಾವಿರ ಗಿಡ ಹಚ್ಚಿ ಇಪ್ಪತ್ತು ಇಟ್ಟುಕೊಳ್ಳುತ್ತೇವೆ. ಉಳಿದದ್ದು ದನದ ಮೇವು. ಕೀಳುವಾಗ ಕೈ ನಡುಗಬಾರದು. ಮೊದಲ ವರ್ಷ ನನ್ನ ಕೈ ನಡುಗಿತ್ತು, ಗೈಡ್ ನಕ್ಕಿದ್ದರು. ಈಗ ನಡುಗುವುದಿಲ್ಲ. ಕಿತ್ತ ಗಿಡ 'ನನ್ನನ್ನು ಯಾಕೆ?' ಎಂದು ಕೇಳುವುದಿಲ್ಲ.

ಮನುಷ್ಯ ಕೇಳುತ್ತಾನೆ. ಮಹದೇವಪ್ಪನವರು ಕೊನೆಗೆ ಅಧ್ಯಕ್ಷರಾದ ನೇಮಕಾತಿ ಮಂಡಳಿ ಹುಟ್ಟಿದ್ದೇ ಅಂಥ ಒಂದು ಪ್ರಶ್ನೆಯಿಂದ. 1972ರ ಮೇ ತಿಂಗಳಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಒಬ್ಬ ಕೃಷಿ ವಿಜ್ಞಾನಿ ಆತ್ಮಹತ್ಯೆ ಮಾಡಿಕೊಂಡರು. ಆಯ್ಕೆ, ಬಡ್ತಿಗಳಲ್ಲಿ ಆಗುತ್ತಿದ್ದ ಅನ್ಯಾಯದ ಮಾತು ಸಂಸತ್ತಿನವರೆಗೆ ಹೋಯಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಅವರ ನೇತೃತ್ವದಲ್ಲಿ ಸಮಿತಿ ಕೂತಿತು. ಅದರ ಶಿಫಾರಸಿನ ಫಲವಾಗಿ 1973ರಲ್ಲಿ, ವಿಜ್ಞಾನಿಗಳನ್ನು ಆರಿಸುವುದಕ್ಕೆಂದೇ ಪ್ರತ್ಯೇಕ ಮಂಡಳಿ ಬಂತು. ಅಂದರೆ, ಭತ್ತ ಆರಿಸುತ್ತಿದ್ದ ಕೈ ಒಂದು ದಿನ ಭತ್ತ ಆರಿಸುವವರನ್ನು ಆರಿಸುವ ಜಾಗಕ್ಕೆ ಬಂತು. ಆ ಜಾಗದ ಅಡಿಪಾಯದಲ್ಲಿ, ತಪ್ಪಾಗಿ ಆರಿಸಿದರೆ ಏನಾಗಬಹುದೆಂಬುದಕ್ಕೆ ಒಂದು ಸಾವು ಇತ್ತು.

ಹಾಗಾದರೆ ಹೊಲದ ಗಟ್ಟಿತನ ಅಲ್ಲಿ ಬೇಡವೇ? ಬೇಕು ಎನ್ನುವವರ ವಾದ ನನಗೆ ಗೊತ್ತು. ಶಿಫಾರಸು ಚೀಟಿಗೆ, ಜಾತಿಯ ಫೋನಿಗೆ, ಮಂತ್ರಿಯ ಆಪ್ತನಿಗೆ ಮಣಿಯದೆ ಕಾಳು ನೋಡಿ ಆರಿಸುವ ಕಣ್ಣು ಬೇಡವೆಂದು ಹೇಗೆ ಹೇಳುವುದು? ಆದರೆ 'ಕಾಳು ನೋಡಿ' ಎಂಬಲ್ಲೇ ಎಲ್ಲ ಅಡಗಿದೆ. ತಿಪ್ಪೆ ಬಾಜೂಕಿನ ಕಾಳೋ, ಬರಡಿನ ಕಾಳೋ?

ನಾನು ಪದವಿಗೆ ಸೇರಿದ್ದು 371ಜೆ ಮೀಸಲಿನಲ್ಲಿ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಕಡೆಯ ಜಿಲ್ಲೆಗಳಿಗೆ ಸಿಕ್ಕ ವಿಶೇಷ ಸ್ಥಾನ ಅದು. ಮೊದಲ ಸೆಮಿಸ್ಟರಿನಲ್ಲಿ ಸಹಪಾಠಿಯೊಬ್ಬ, ಕೆಟ್ಟವನಲ್ಲ, ಊಟದ ಸಾಲಿನಲ್ಲಿ 'ನೀನು ಮೆರಿಟ್ಟಾ, ಜೆ ನಾ?' ಎಂದು ಕೇಳಿದ್ದ. ಎರಡೂ ಒಟ್ಟಿಗೆ ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ, ಆ ಹೊತ್ತಿಗೆ ನನಗೂ ಹೊಳೆದಿರಲಿಲ್ಲ. ನಾಚಿಕೆಯಿಂದ 'ಜೆ' ಎಂದಿದ್ದೆ. ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ಒಂಬತ್ತನೇ ಇಯತ್ತೆ ಪೂರ್ತಿ ಗಣಿತಕ್ಕೆ ಮೇಷ್ಟ್ರಿರಲಿಲ್ಲ. ಅವನ ಎಂಬತ್ತೆಂಟು, ನನ್ನ ಎಪ್ಪತ್ತೊಂದು ಒಂದೇ ಮಡಿಯಲ್ಲಿ ಬೆಳೆದ ಕಾಳಲ್ಲ.

ತಮಾಷೆಯೆಂದರೆ, ಮರುವರ್ಷ ಅವನೂ ನಾನೂ ಒಂದೇ ತರಗತಿಯಲ್ಲಿ ಕೂತು ಪ್ರಯೋಗ ವಿನ್ಯಾಸದ ಪಾಠ ಕಲಿತೆವು. ಎರಡು ತಳಿಗಳನ್ನು ಹೋಲಿಸಬೇಕಾದರೆ ಮೊದಲು ನೆಲದ ಏರುಪೇರನ್ನು ಲೆಕ್ಕಕ್ಕೆ ತಗೋ. ಹೊಲವನ್ನು ಬ್ಲಾಕುಗಳಾಗಿ ಒಡೆ, ಪ್ರತಿ ಬ್ಲಾಕಿನಲ್ಲೂ ಎಲ್ಲ ತಳಿಗಳನ್ನೂ ಇಡು, ಚೀಟಿ ಎತ್ತಿ ಜಾಗ ಕೊಡು, ಮೂರು ಕಡೆ ಮೂರು ವರ್ಷ ಬೆಳೆ, ಆಮೇಲೆ ಮಾತಾಡು. ಜೋಳದ ವಿಷಯದಲ್ಲಿ ಇಷ್ಟು ಎಚ್ಚರ ಕಲಿಸುವ ನಮ್ಮ ವಿಜ್ಞಾನ, ಸಂದರ್ಶನದ ಕೋಣೆಗೆ ಹೋದ ಕೂಡಲೇ ಅದನ್ನೆಲ್ಲ ಬಾಗಿಲಲ್ಲೇ ಬಿಚ್ಚಿಟ್ಟು, ಇಪ್ಪತ್ತು ನಿಮಿಷದಲ್ಲಿ ಒಬ್ಬ ಮನುಷ್ಯನ ತಳಿ ಗುರುತಿಸಿಬಿಡುತ್ತದೆ. ತಳಿವಿಜ್ಞಾನಿ ಕುರ್ಚಿಗೆ ಹೋಗುವಾಗ ಕೀಳುವ ಕೈಯನ್ನು ಒಯ್ಯುತ್ತಾನೋ, ನೆಲ ಅಳೆಯುವ ಎಚ್ಚರವನ್ನು ಒಯ್ಯುತ್ತಾನೋ ಎಂಬುದರ ಮೇಲೆ ನೂರಾರು ಜನರ ಬದುಕು ನಿಂತಿರುತ್ತದೆ.

ಮಹದೇವಪ್ಪನವರ ಇನ್ನೊಂದು ಕೆಲಸ ಈ ಜಾಗದಲ್ಲಿ ನನಗೆ ನೆನಪಾಗುತ್ತದೆ. ಪಾರ್ಥೇನಿಯಂ, ನಮ್ಮ ಕಡೆ ಕಾಂಗ್ರೆಸ್ ಕಸ. ಅವರು ಅದರ ವಿರುದ್ಧ ವರ್ಷಗಟ್ಟಲೆ ಬರೆದರು, ಪ್ರಚಾರ ಮಾಡಿದರು. ಕಿತ್ತರೆ ಮತ್ತೆ ಬರುವ ಕಳೆ ಅದು. ಅವರೂ ಸಂಗಡಿಗರೂ ಹಿಡಿದ ಒಂದು ದಾರಿ ಕೀಳುವುದಲ್ಲ, ಆ ಜಾಗದಲ್ಲಿ ಬೇರೊಂದನ್ನು ಬೆಳೆಸುವುದು. ತಗಚೆಯ ಬಳಗದ ಕ್ಯಾಸಿಯಾ ಸೆರಿಸಿಯಾ ಬೀಜವನ್ನು ಮಳೆಗೆ ಮುಂಚೆ ಎರಚಿದರೆ ಅದು ಗುಂಪಾಗಿ ಎದ್ದು ಪಾರ್ಥೇನಿಯಮ್ಮಿಗೆ ಎಡೆಗೊಡುವುದಿಲ್ಲ. ಪಾಳುಭೂಮಿಯಲ್ಲಿ ಒಂದು ಇನ್ನೊಂದನ್ನು ಹೇಗೆ ಹಿಂದೆ ಸರಿಸುತ್ತದೆಂದು ಎಣಿಸಿ 1988ರಲ್ಲಿ ಲೇಖನವನ್ನೂ ಬರೆದರು. ಆ ಕ್ಯಾಸಿಯಾ ಕೂಡ ಅಮೆರಿಕ ಖಂಡದಿಂದ ಬಂದದ್ದೇ, ಈಗ ಎಷ್ಟೋ ಕಡೆ ಅದೇ ಕಳೆಯಾಗಿ ಹಬ್ಬಿದೆ ಎಂಬುದನ್ನೂ ಹೇಳಬೇಕು. ಮದ್ದಿಗೂ ತನ್ನದೇ ಬೀಜವಿರುತ್ತದೆ. ಆದರೂ ಆ ಯೋಚನೆಯ ತಿರುವು ನನಗೆ ಹಿಡಿಸುತ್ತದೆ. ಆರಿಸಿ ಎಸೆಯುವ ಕಸುಬಿನವರು ಒಂದು ಕಡೆ ನಿಂತು, ಕೀಳುವುದರಿಂದ ಆಗದು, ಇಲ್ಲಿ ಏನಾದರೂ ಬೆಳೆಯುವಂತೆ ಮಾಡಬೇಕು ಎಂದುಕೊಂಡರಲ್ಲ.

ಒಬ್ಬ ಕುಲಪತಿ ದಿನಕ್ಕೆ ಏನು ಮಾಡುತ್ತಾನೆ? ತಳಿಗೆ ಹೆಸರಿರುತ್ತದೆ, ನಂಬರಿರುತ್ತದೆ, ಬಿಡುಗಡೆಯ ಇಸವಿ ಇರುತ್ತದೆ. ಗಂಗಾವತಿಯ ಕೇಂದ್ರಕ್ಕೆ ಒಬ್ಬ ಮಣ್ಣು ವಿಜ್ಞಾನಿಯ ಹುದ್ದೆ ತುಂಬಿದ್ದಕ್ಕೆ, ಜೀಪಿಗೆ ಡೀಸೆಲ್ ಮಂಜೂರಾದದ್ದಕ್ಕೆ, ಹೊಲದಾಳುಗಳ ಕೂಲಿ ತಿಂಗಳಿಗೆ ಸರಿಯಾಗಿ ಬಂದದ್ದಕ್ಕೆ ಯಾವ ಹೆಸರೂ ಇಲ್ಲ. ಹತ್ತು ವರ್ಷದ ನಂತರ ಬರುವ ತಳಿಯ ಚೀಲದಲ್ಲಿ ಅದರ ಒಂದು ಕಾಳೂ ಕಾಣುವುದಿಲ್ಲ. 'ಬಿ' ಸಾಲು. ಹೋದ ತಿಂಗಳು ಹೀಗೆ ಯೋಚಿಸಿದಾಗ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಪೂರ್ತಿ ಇಳಿಯಲಿಲ್ಲ, ಯಾಕೆಂದರೆ 'ಬಿ' ಸಾಲಿನ ಕೆಲಸ ಮಾಡುತ್ತೇನೆಂದು ಹೋಗಿ ಫಲಕದ ಮೇಲೆ ಹೆಸರು ಕೆತ್ತಿಸುವುದರಲ್ಲೇ ಅವಧಿ ಮುಗಿಸಿದವರೂ ನಮ್ಮಲ್ಲಿ ಕಡಿಮೆಯಿಲ್ಲ. ಯಾರು ಯಾವುದೆಂದು ಹೊರಗಿನಿಂದ ಹೇಳುವುದು ಕಷ್ಟ. 'ಎ' ಮತ್ತು 'ಬಿ' ನೋಡಲು ಒಂದೇ ಥರ, ಹೂ ಬಿಟ್ಟಾಗ ಮಾತ್ರ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಗೆ 2023ರಲ್ಲಿ ತನ್ನದೇ ವಿಶ್ವವಿದ್ಯಾಲಯ ಬಂತು. ಅದಕ್ಕೂ ಮೊದಲು ಕೊಪ್ಪಳದ ಪದವಿ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯದ ಬಾಲ, ಆಮೇಲೆ ಬಳ್ಳಾರಿಯದು. ಅಂಕಪಟ್ಟಿ ತಿದ್ದಿಸಲು ಗುಲಬರ್ಗಾಕ್ಕೆ ಬಸ್ಸು ಹತ್ತಿದ ಕತೆ ನಮ್ಮ ಅತ್ತೆ ಇಂದಿಗೂ ಹೇಳುತ್ತಾಳೆ. ಹೊಸ ವಿಶ್ವವಿದ್ಯಾಲಯ ಬಂದು ಎರಡು ವರ್ಷ ತುಂಬುವುದರೊಳಗೆ, 2025ರ ಆರಂಭದಲ್ಲಿ, ಹೊಸದಾಗಿ ಆದವುಗಳಲ್ಲಿ ಒಂಬತ್ತನ್ನು ಮುಚ್ಚುವ ಇಲ್ಲವೇ ಹಳೆಯವುಗಳಲ್ಲಿ ಸೇರಿಸುವ ಮಾತನ್ನು ಸಂಪುಟ ಉಪಸಮಿತಿ ಆಡಿತು. ಕೊಪ್ಪಳವೂ ಆ ಪಟ್ಟಿಯಲ್ಲಿತ್ತು. ಹಣವಿಲ್ಲ, ಸಿಬ್ಬಂದಿಯಿಲ್ಲ, ನಿಜ. ಹಣವಿಡದೆ ಘೋಷಿಸಿದವರ ತಪ್ಪೂ ನಿಜ. ಆದರೆ ನಾನು ಓದಿದ ಕಸುಬಿನಲ್ಲಿ ಗೊಬ್ಬರ ಹಾಕದ ಮಡಿಯಲ್ಲಿ ಒಂದೇ ಹಂಗಾಮು ನೋಡಿ ಒಂದು ತಳಿಯನ್ನು ಕೈಬಿಟ್ಟರೆ, ಅಂಥ ಪ್ರಬಂಧವನ್ನು ಯಾವ ಪರೀಕ್ಷಕರೂ ಪಾಸು ಮಾಡುವುದಿಲ್ಲ. ಇದನ್ನು ಹೇಳಬಲ್ಲವರು ಆ ಕೋಣೆಗಳಲ್ಲಿ ಇರಬೇಕಲ್ಲ ಎಂದು ಅಂದು ನನಗನ್ನಿಸಿತ್ತು. ಇರಬೇಕಾದರೆ ಯಾರಾದರೂ ಹೊಲ ಬಿಟ್ಟು ಹೋಗಬೇಕು. ಹೋದವರು ನನ್ನ ಗೈಡೇ ಆದಾಗ ನನಗೆ ಸಿಟ್ಟು ಬರುತ್ತದೆ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ.

ಹೊಸ ಹುದ್ದೆಗೆ ಹೋದ ಎರಡು ತಿಂಗಳ ಮೇಲೆ, ಕೊಯ್ಲಿಗೆ ನಾಲ್ಕು ದಿನ ಇರುವಾಗ, ಒಂದು ಭಾನುವಾರ ಗೈಡ್ ಹೊಲಕ್ಕೆ ಬಂದರು. ಆಫೀಸಿನ ಕಾರು ಬದುವಿನ ಆಚೆ ನಿಂತಿತು. ಹೊಸ ಬೂಟು ಬಿಚ್ಚಿಟ್ಟು, ಪ್ಯಾಂಟು ಮಡಚಿ, ಎಂದಿನಂತೆ ಸಾಲಿನೊಳಗೆ ಇಳಿದರು. ಹದಿನಾಲ್ಕನೇ ಸಾಲಿನ ಹತ್ತಿರ ನಿಂತು ಒಂದು ತೆನೆ ಹಿಡಿದು, ಕಾಳು ಉಗುರಿನಿಂದ ಒತ್ತಿ ನೋಡಿ, 'ಇದಕ್ಕ ಯಾಕ ದಾರ ಕಟ್ಟಿದಿ?' ಎಂದರು.

'ಎತ್ತರ ಕಡಿಮಿ ಸರ್. ಸಾಲಿನ ಸರಾಸರಿಗಿಂತ ಒಂದು ಗೇಣು ಕೆಳಗದ. ಆವತ್ತ ಕೀಳೋದು ಮರತೀನಿ.'

ಅವರು ಬಗ್ಗಿ ಬುಡ ನೋಡಿದರು. ಬುಡದಲ್ಲಿ ಗರಸಿನ ಗಡ್ಡೆಯಿತ್ತು, ಒಂದು ಮೊಳದ ಸುತ್ತಳತೆಯಲ್ಲಿ. ನಾನು ಅದನ್ನು ನೋಡಿರಲಿಲ್ಲ. ಅವರು ಏನೂ ಹೇಳದೆ ಮುಂದಿನ ಸಾಲಿಗೆ ಹೋದರು. ಅಷ್ಟರಲ್ಲಿ ಫೋನ್ ಬಂತು, ಬದುವಿಗೆ ಹತ್ತಿ ಹತ್ತು ನಿಮಿಷ ಯಾರೊಂದಿಗೋ ಹೊಲದಾಳುಗಳ ಬಾಕಿ ಕೂಲಿಯ ಬಿಲ್ಲಿನ ಬಗ್ಗೆ ಜೋರಾಗಿ ಮಾತಾಡಿದರು. ಆಮೇಲೆ ಹೊತ್ತಾಯಿತೆಂದರು. ನನ್ನ ಪ್ರಗತಿ ವರದಿಯ ಹಾಳೆಗಳನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಸಹಿ ಮಾಡಿದರು. ಮೂರನೇ ಅಧ್ಯಾಯ ಓದಿಲ್ಲ, ಯುಗಾದಿಯೊಳಗೆ ಓದುತ್ತೇನೆಂದರು.

ಯುಗಾದಿ ಕಳೆಯಿತು. ಅಧ್ಯಾಯ ಇನ್ನೂ ಅವರ ಬಳಿಯೇ ಇದೆ. ಆಳುಗಳ ಕೂಲಿ ಮಾತ್ರ ಆ ವಾರವೇ ಬಂತು. ಗರಸಿನ ಗಡ್ಡೆಯ ಮೇಲಿದ್ದ ಆ ಗಿಡದ ತೆನೆಯನ್ನು ನಾನು ಬೇರೆ ಕವರಿನಲ್ಲಿ ಹಾಕಿಟ್ಟಿದ್ದೇನೆ, ಬರುವ ಹಿಂಗಾರಿಗೆ ಒಳ್ಳೆಯ ಮಡಿಯಲ್ಲಿ ಒಂದು ಸಾಲು ಬಿತ್ತಿ ನೋಡಬೇಕು.